ಬೆಲೆ ಇಳಿಸುವವರ ಎದುರು ನಮ್ಮ ವ್ಯಾಪಾರ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ, ಸಣ್ಣಪುಟ್ಟ ವ್ಯಾಪಾರ ಮಾಡುವ ಸದಸ್ಯರಿಗಾಗಿ ಏರ್ಪಡಿಸಿದ್ದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ನೇಗಿಲು ಹಿಡಿದವನು. ಎರಡು ಹಸು, ಒಂದೂವರೆ ಎಕರೆ ಗದ್ದೆ ನನ್ನ ಆಸ್ತಿ. ನಮ್ಮ ಸದಸ್ಯರಲ್ಲಿ ಅನೇಕರು ಚಿಲ್ಲರೆ ಅಂಗಡಿ, ಟೀ ಅಂಗಡಿ, ತರಕಾರಿ, ಹೂವಿನ ವ್ಯಾಪಾರ ಇಟ್ಟುಕೊಂಡಿದ್ದಾರೆ. ಅವರಿಗೆ ಉಪಯೋಗವಾಗುವ ನಾಲ್ಕು ಮಾತು ಹೇಳು ಎಂದು ಅಧ್ಯಕ್ಷರು ಅಪ್ಪಣೆ ಮಾಡಿದರು. ವ್ಯಾಪಾರದಲ್ಲಿ ಗೆದ್ದವರು ಬಹಳ ಜನ ಇರುವಾಗ ನನ್ನನ್ನೇ ಯಾಕೆ ಕರೆದರು ಎಂದರೆ, ನಾನು ವ್ಯಾಪಾರದಲ್ಲಿ ಸೋತವನು. ಸೋತವನಿಗೆ ಲೆಕ್ಕ ಚೆನ್ನಾಗಿ ಜ್ಞಾಪಕ ಇರುತ್ತದೆ.

ಹನ್ನೆರಡು ವರ್ಷದ ಹಿಂದಿನ ಮಾತು. ನಂಜನಗೂಡು–ಟಿ. ನರಸೀಪುರ ರಸ್ತೆಯ ಪಕ್ಕ ಒಂದು ಮಳಿಗೆ ಬಾಡಿಗೆಗೆ ಹಿಡಿದು ಹಿಂಡಿ-ಬೂಸದ ಅಂಗಡಿ ಇಟ್ಟಿದ್ದೆ. ಪಶು ಆಹಾರದ ಒಂದು ಮೂಟೆ ನನಗೆ 920 ರೂಪಾಯಿಗೆ ಬೀಳುತ್ತಿತ್ತು, 960ಕ್ಕೆ ಮಾರುತ್ತಿದ್ದೆ. ಮೂಟೆಗೆ 40 ರೂಪಾಯಿ. ತಿಂಗಳಿಗೆ 60 ಮೂಟೆ ಹೋಗುತ್ತಿತ್ತು. 2,400 ರೂಪಾಯಿ ಉಳಿತಾಯ, ಅದರಲ್ಲಿ 800 ಬಾಡಿಗೆ. ಮಿಕ್ಕಿದ್ದು 1,600. ದೊಡ್ಡ ಆದಾಯ ಅಲ್ಲ, ಆದರೆ ಮಕ್ಕಳ ಸ್ಕೂಲ್ ಫೀಜಿಗೆ ಆಗುತ್ತಿತ್ತು.

ಒಂದು ದಿನ ರಸ್ತೆಯ ಆಚೆಗೆ ಇನ್ನೊಂದು ಅಂಗಡಿ ಬಂತು. ಮೂಟೆಗೆ 20 ರೂಪಾಯಿ ಕಡಿಮೆ. ನನ್ನ ಹಳೇ ಗಿರಾಕಿಯೊಬ್ಬರು ಬಂದು, "ಏನಣ್ಣ, ಅಲ್ಲಿ ಇಪ್ಪತ್ತು ರೂಪಾಯಿ ಕಮ್ಮಿ ಕೊಡ್ತಾವ್ರೆ, ನೀನ್ಯಾಕೆ ಇಷ್ಟೊಂದ್ ತಕ್ಕೊತೀಯೆ?" ಅಂದರು. ನನಗೆ ಅವಮಾನ ಆದಂಗಾಯ್ತು. ಆವತ್ತು ಸಂಜೆಯೇ ನಾನೂ 20 ರೂಪಾಯಿ ಇಳಿಸಿದೆ. ಆತ ಮತ್ತೆ 10 ಇಳಿಸಿದ. ನಾನೂ ಇಳಿಸಿದೆ.

ಈಗ ಲೆಕ್ಕ ನೋಡಿ. 20 ಇಳಿಸಿದಾಗ 60 ಮೂಟೆ ಹೋಗುವ ಕಡೆ 75 ಹೋಯಿತು. ನನಗೆ ಖುಷಿಯೋ ಖುಷಿ. ಆದರೆ 75 ಮೂಟೆಗೆ 20ರಂತೆ 1,500. ಬಾಡಿಗೆ ಕಳೆದರೆ 700. ಇನ್ನೂ 10 ಇಳಿಸಿದಾಗ 90 ಮೂಟೆ ಹೋಯಿತು. 90 ಮೂಟೆಗೆ 10ರಂತೆ 900. ಬಾಡಿಗೆ ಕಳೆದರೆ 100 ರೂಪಾಯಿ! ಮೊದಲಿಗಿಂತ 30 ಮೂಟೆ ಹೆಚ್ಚಿಗೆ ಹೊತ್ತು ಹಾಕಿ, ಬೆನ್ನು ನೋಯಿಸಿಕೊಂಡು, ತಿಂಗಳಿಗೆ ನೂರು ರೂಪಾಯಿ ದುಡಿದೆ. ಅಂಗಡಿ ಮುಂದೆ ಜನ ನೆರೆದಿರುತ್ತಿದ್ದರಿಂದ ವ್ಯಾಪಾರ ಜೋರಾಗಿದೆ ಎಂದು ಊರೆಲ್ಲ ಹೇಳುತ್ತಿತ್ತು. ನಾನೂ ಹಾಗೇ ನಂಬಿದ್ದೆ.

ಇನ್ನೊಂದು ತಪ್ಪು ಮಾಡಿದೆ. ಗಿರಾಕಿ ಕೈಬಿಟ್ಟು ಹೋಗದಿರಲಿ ಎಂದು ಕೇಳಿದವರಿಗೆಲ್ಲ ಉದ್ದರಿ ಕೊಟ್ಟೆ. ಎಂಟು ತಿಂಗಳಲ್ಲಿ 38,000 ರೂಪಾಯಿ ಪುಸ್ತಕದಲ್ಲಿ ನಿಂತಿತು. ಕೊನೆಗೆ ಸಗಟು ವ್ಯಾಪಾರಿಗೆ ದುಡ್ಡು ಕಟ್ಟಲು ನಮ್ಮ ಮನೆಯವರ ಓಲೆ ಗಿರವಿ ಇಟ್ಟು ಅಂಗಡಿ ಬಾಗಿಲು ಹಾಕಿದೆ. ನಾನು ಬಾಗಿಲು ಹಾಕಿದ ಎರಡನೇ ತಿಂಗಳಿಗೆ ಎದುರಿನ ಅಂಗಡಿಯಲ್ಲಿ ಮೂಟೆ ಬೆಲೆ 980 ಆಯಿತು. ನಾನು ಮೊದಲು ಮಾರುತ್ತಿದ್ದುದಕ್ಕಿಂತ 20 ರೂಪಾಯಿ ಜಾಸ್ತಿ. ಕಡಿಮೆ ಬೆಲೆ ಅಂತ ಹೋದವರೇ ಅದನ್ನು ಕೊಟ್ಟರು.

ಇದನ್ನು ಯಾರ ಮೇಲಿನ ಸಿಟ್ಟಿಗೂ ಹೇಳುತ್ತಿಲ್ಲ. ಆತನ ಬುದ್ಧಿ ಆತ ಉಪಯೋಗಿಸಿದ. ನಾನು ನನ್ನ ಬುದ್ಧಿ ಉಪಯೋಗಿಸಲಿಲ್ಲ, ಅಷ್ಟೇ. ಬೆಲೆ ಇಳಿಸುವುದಕ್ಕೆ ಮೊದಲು ಪೆನ್ಸಿಲ್ ಹಿಡಿಯಬೇಕಾಗಿತ್ತು. ನೂರು ರೂಪಾಯಿ ಸಾಮಾನಿನಲ್ಲಿ ಹತ್ತು ರೂಪಾಯಿ ಲಾಭ ಇದ್ದರೆ, ಮೂರು ರೂಪಾಯಿ ಇಳಿಸಿದವನು 100 ಮಾರುವ ಕಡೆ 143 ಮಾರಬೇಕು. ಐದು ರೂಪಾಯಿ ಇಳಿಸಿದವನು ಎರಡರಷ್ಟು ಮಾರಬೇಕು. ನಮ್ಮ ಊರಲ್ಲಿ ಹಸುಗಳೇನು ಎರಡರಷ್ಟು ಆಗುತ್ತವೆಯೇ? ಇಲ್ಲ. ಹಾಗಾದರೆ ಇಳಿಸಿ ಪ್ರಯೋಜನವೇನು?

ಇದಕ್ಕೆ ಕಾನೂನು ಇಲ್ಲವೇ ಎಂದು ಕೆಲವರು ಕೇಳುತ್ತಾರೆ. 2002ರ ಸ್ಪರ್ಧಾ ಕಾಯಿದೆ ಅಂತ ಒಂದಿದೆ. ಎದುರಾಳಿಯನ್ನು ಮುಗಿಸಲು ಅಸಲಿಗಿಂತ ಕಡಿಮೆಗೆ ಮಾರುವುದು ತಪ್ಪು ಎಂದು ಅದು ಹೇಳುತ್ತದೆ. ಆದರೆ ಅದು ಮಾರುಕಟ್ಟೆಯನ್ನೇ ಕೈಯಲ್ಲಿ ಇಟ್ಟುಕೊಂಡಿರುವ ದೊಡ್ಡ ಕುಳಗಳಿಗೆ ಅನ್ವಯ. ಚೀನಾ ರೇಷ್ಮೆ ಅಗ್ಗಕ್ಕೆ ಬಂದು ನಮ್ಮ ಗೂಡಿನ ಬೆಲೆ ಬಿದ್ದಾಗ ಸರ್ಕಾರ ಅದರ ಮೇಲೆ ಸುಂಕ ಹಾಕಿದ್ದನ್ನು ಹಿಪ್ಪುನೇರಳೆ ಬೆಳೆದವರು ಬಲ್ಲರು. ದೇಶಕ್ಕೆ ಅಂಥ ರಕ್ಷಣೆ ಉಂಟು. ಬಸ್‌ಸ್ಟಾಂಡಿನ ಎರಡು ಅಂಗಡಿಗಳ ಜಗಳಕ್ಕೆ ಯಾರೂ ಬರುವುದಿಲ್ಲ. ನಮ್ಮ ದಾರಿ ನಾವೇ ಹುಡುಕಿಕೊಳ್ಳಬೇಕು.

ನಾನು ಸಂಘದ ನಿರ್ದೇಶಕನಾದ ಮೇಲೆ ಅದೇ ಕಷ್ಟ ಸಂಘಕ್ಕೂ ಬಂತು. ಸಂಘದಿಂದ ಪಶು ಆಹಾರ ಮಾರುತ್ತೇವಲ್ಲ, ಅದಕ್ಕೆ ಹೊರಗಿನ ಅಂಗಡಿಯವರು ಮೂಟೆಗೆ 60 ರೂಪಾಯಿ ಕಡಿಮೆ ಮಾಡಿದರು. ನಮ್ಮದು 1,250, ಅವರದು 1,190. ಸಭೆಯಲ್ಲಿ ಒಬ್ಬರು ಅಕ್ಕ ಎದ್ದು ನಿಂತು, "ನಮ್ ಸಂಘ ಅಂತೀರಿ, ನಮಗೇ ಜಾಸ್ತಿ ಬೆಲೆ ಹಾಕ್ತೀರಲ್ಲಪ್ಪಾ" ಅಂದರು. ಕೆಲವು ನಿರ್ದೇಶಕರು ಲಾಭದ ಹಣದಿಂದ ತುಂಬಿಕೊಟ್ಟು ನಾವೂ 60 ರೂಪಾಯಿ ಇಳಿಸೋಣ ಎಂದರು. ನಾನು ಬೇಡ ಎಂದೆ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಒಂದೇ ಒಂದು ಕೇಳಿಕೊಂಡೆ: ಎರಡು ಮೂಟೆಯನ್ನೂ ತಂದು ಜನರ ಎದುರಿಗೆ ತೂಗೋಣ.

ಭತ್ತ ತೂಗುವ ಯಂತ್ರ ತರಿಸಿದೆವು. ನಮ್ಮ ಮೂಟೆ 50 ಕಿಲೋ. ಆ ಮೂಟೆ 45 ಕಿಲೋ. ಅಂಗಡಿಯವರು ಮೋಸ ಮಾಡಿರಲಿಲ್ಲ. 45 ಕಿಲೋ ಎಂದು ಚೀಲದ ಮೇಲೆಯೇ ಅಚ್ಚಾಗಿತ್ತು, ನಾವು ಯಾರೂ ಓದಿರಲಿಲ್ಲ. ಕಿಲೋ ಲೆಕ್ಕ ಹಾಕಿದರೆ ನಮ್ಮದು 25 ರೂಪಾಯಿ, ಅದು 26 ರೂಪಾಯಿ 44 ಪೈಸೆ. ಅಗ್ಗ ಎಂದುಕೊಂಡದ್ದೇ ತುಟ್ಟಿಯಾಗಿತ್ತು. ಪ್ರಶ್ನೆ ಕೇಳಿದ ಅಕ್ಕನ ಕೈಯಲ್ಲೇ ಕರಿಹಲಗೆ ಮೇಲೆ ಆ ಲೆಕ್ಕ ಬರೆಸಿದೆವು. ಅಂದಿನಿಂದ ಸಂಘದಲ್ಲಿ ಮೂಟೆ ಬೆಲೆಯ ಜೊತೆಗೆ ಕಿಲೋ ಬೆಲೆಯನ್ನೂ ಬರೆಯುತ್ತಿದ್ದೇವೆ.

ತೂಕ ಒಂದೇ ಅಲ್ಲ. ಭಾರತೀಯ ಮಾನಕದ ಪ್ರಕಾರ ಒಂದನೇ ದರ್ಜೆ ಪಶು ಆಹಾರದಲ್ಲಿ ನೂರಕ್ಕೆ 22 ಭಾಗ, ಎರಡನೆಯದರಲ್ಲಿ 20 ಭಾಗ ಪ್ರೋಟೀನ್ ಇರಬೇಕು. ಚೀಲದ ಮೇಲೆ ಅದನ್ನೂ ಓದಿ. ಸತ್ವ ಇಲ್ಲದ್ದನ್ನು ತಿನ್ನಿಸಿದರೆ ಹಾಲು ಇಳಿಯುತ್ತದೆ, ಎಸ್.ಎನ್.ಎಫ್. ಇಳಿಯುತ್ತದೆ. ಅಂಗಡಿಯಲ್ಲಿ ಉಳಿಸಿದ ದುಡ್ಡು ಹಾಲಿನ ಬಟವಾಡೆಯಲ್ಲಿ ಹೋಗುತ್ತದೆ.

ಆದರೆ ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. ಗೋಧಿ ಬೂಸದಲ್ಲಿ ಅದೇ ಅಂಗಡಿಯವರು ಪೂರ್ತಿ ತೂಕ, ಒಳ್ಳೇ ಮಾಲನ್ನೇ ನಮಗಿಂತ 20 ರೂಪಾಯಿ ಕಡಿಮೆಗೆ ಕೊಟ್ಟರು. ಅಲ್ಲಿ ತೂಗಿ ತೋರಿಸುವುದು ಏನೂ ಇರಲಿಲ್ಲ. ಹೇಗೆ ಸಾಧ್ಯ ಎಂದು ವಿಚಾರಿಸಿದೆವು. ಅವರು ಒಂದು ಲಾರಿ ಲೋಡು ಒಟ್ಟಿಗೆ, ನಗದು ಕೊಟ್ಟು ತರಿಸುತ್ತಾರೆ. ನಾವು ಹದಿನೈದು ಇಪ್ಪತ್ತು ಮೂಟೆ ಸಾಲದಲ್ಲಿ ತರುತ್ತಿದ್ದೆವು. ಆಮೇಲೆ ಪಕ್ಕದ ಎರಡು ಊರಿನ ಸಂಘದವರನ್ನು ಕೂಡಿಸಿಕೊಂಡು ಮೂವರೂ ಸೇರಿ ಲೋಡು ತರಿಸಿದೆವು. 20 ರೂಪಾಯಿ ವ್ಯತ್ಯಾಸ 8ಕ್ಕೆ ಇಳಿಯಿತು. ಹನಿಗೂಡಿದರೆ ಹಳ್ಳ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆ 8 ರೂಪಾಯಿಗಾಗಿ ಇವತ್ತಿಗೂ ಕೆಲವು ಸದಸ್ಯರು ಅಲ್ಲೇ ಬೂಸ ತರುತ್ತಾರೆ. ಅವರ ಮೇಲೆ ಬೇಸರ ಇಲ್ಲ. ಎಲ್ಲ ಗಿರಾಕಿಯೂ ನಮ್ಮವರೇ ಆಗಬೇಕು ಎಂಬ ಆಸೆಯೇ ನನ್ನ ಅಂಗಡಿಯನ್ನು ತಿಂದದ್ದು.

ನಾವು ಕೊಡುವ ಇನ್ನೊಂದು ಅನುಕೂಲ ಉದ್ದರಿ. ಆದರೆ ಕೊಟ್ಟ ಉದ್ದರಿಯನ್ನು ಹಾಲಿನ ಬಟವಾಡೆಯಲ್ಲಿ ಹಿಡಿದುಕೊಳ್ಳುತ್ತೇವೆ. ಆದ್ದರಿಂದ ಅದು ಪುಸ್ತಕದಲ್ಲಿ ನಿಲ್ಲುವುದಿಲ್ಲ. ನೀವೂ ಉದ್ದರಿ ಕೊಡುವುದಾದರೆ ವಾಪಸು ಬರುವ ದಾರಿ ಮೊದಲು ನೋಡಿಕೊಳ್ಳಿ. ಅರ್ಧ ಮೂಟೆ ಬೇಕೆಂದವರಿಗೂ ತೂಗಿ ಕೊಡುತ್ತೇವೆ. ದೊಡ್ಡ ಅಂಗಡಿಯವರಿಗೆ ಅಷ್ಟು ತಾಳ್ಮೆ ಇರುವುದಿಲ್ಲ.

ಸಹಕಾರದ ಇತಿಹಾಸದಲ್ಲೂ ಇದೇ ಪಾಠ ಇದೆ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ ನೇಕಾರರೇ ಮುಂತಾದ 28 ಜನ ಕೂಡಿ ಒಂದು ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದಬತ್ತಿ ಮುಂತಾದ ಕೆಲವೇ ಸಾಮಾನು. ಅವರು ಬೆಲೆ ಇಳಿಸಿ ಪೈಪೋಟಿಗೆ ಹೋಗಲಿಲ್ಲ. ಪೇಟೆ ಬೆಲೆಗೇ ಮಾರಿದರು. ಕಲಬೆರಕೆ ಇಲ್ಲ, ತೂಕದಲ್ಲಿ ಕಡಿಮೆ ಇಲ್ಲ, ಉದ್ದರಿ ಇಲ್ಲ. ಉಳಿದ ಲಾಭವನ್ನು ಯಾರು ಎಷ್ಟು ಕೊಂಡರೋ ಅದರ ಪ್ರಕಾರ ಸದಸ್ಯರಿಗೆ ಹಂಚಿದರು. ನಮ್ಮಲ್ಲಿ ವರ್ಷದ ಕೊನೆಗೆ, ಹಾಕಿದ ಹಾಲಿನ ಲೆಕ್ಕಕ್ಕೆ ಬೋನಸ್ ಕೊಡುತ್ತೇವಲ್ಲ, ಅದು ಇದೇ ಜಾತಿಯದು. ನಮ್ಮ ನಾಡಿನಲ್ಲೇ 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗಲೂ ಬಂಡವಾಳ ಸಣ್ಣದೇ, ನಂಬಿಕೆ ದೊಡ್ಡದು.

ಹತ್ತಿರದ ಉದಾಹರಣೆಯನ್ನೇ ನೋಡಿ. ಟಿ. ನರಸೀಪುರದ ಸರ್ಕಾರಿ ಫಿಲೇಚರಿನಲ್ಲಿ ತೆಗೆದ ರೇಷ್ಮೆ ನೂಲು ಮೈಸೂರಿನ ನೇಯ್ಗೆ ಕಾರ್ಖಾನೆಗೆ ಹೋಗಿ ಮೈಸೂರು ಸಿಲ್ಕ್ ಸೀರೆ ಆಗುತ್ತದೆ. ಆ ಕಾರ್ಖಾನೆ 1912ರದು. ಅದೇ ಹೆಸರು ಹೇಳಿಕೊಂಡು ಹತ್ತನೇ ಒಂದು ಭಾಗದ ಬೆಲೆಗೆ ಪೇಟೆಯಲ್ಲಿ ಸೀರೆ ಸಿಗುತ್ತದೆ. ಕೆ.ಎಸ್.ಐ.ಸಿ.ಯವರು ಬೆಲೆ ಇಳಿಸಿ ಅವರ ಜೊತೆ ಗುದ್ದಾಡಲಿಲ್ಲ. ಪ್ರತಿ ಸೀರೆಗೂ ಅದರದೇ ನಂಬರ್ ಹಾಕಿದರು, ಹೋಲೋಗ್ರಾಂ ಹಾಕಿದರು, ಜಿ.ಐ. ಗುರುತು ಪಡೆದರು. ಅಸಲಿ ಯಾವುದು ಎಂದು ಗಿರಾಕಿಗೆ ಗೊತ್ತಾಗುವಂತೆ ಮಾಡಿದರು. ನಾವು ಮೂಟೆ ತೂಗಿದ್ದೂ ಅದೇ ಕೆಲಸ. ಇನ್ನು ನಂಜನಗೂಡಿನಲ್ಲಿ 1913ರಲ್ಲಿ ಬಿ.ವಿ. ಪಂಡಿತರು ಶುರು ಮಾಡಿದ ಸದ್ವೈದ್ಯಶಾಲೆಯ ಹಲ್ಲುಪುಡಿಯನ್ನು ಯಾರು ಕಂಡಿಲ್ಲ? ಎಷ್ಟು ಪೇಸ್ಟು ಬಂದರೂ ನಂಜನಗೂಡು ಹಲ್ಲುಪುಡಿ ಎಂದರೆ ಜನಕ್ಕೆ ಗೊತ್ತು. ಹೆಸರು ಎಂಬುದು ದಿನಾ ಒಂದಿಷ್ಟು ಕಟ್ಟುವ ಠೇವಣಿ.

ಹಾಗಾದರೆ ಬೆಲೆ ಇಳಿಸಲೇಬಾರದೇ? ಇಳಿಸುವ ಜಾಗ ಬೇರೆ ಇದೆ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ, ಮೂರು ವರ್ಷಕ್ಕೊಮ್ಮೆ ತಿರುಮಕೂಡಲಿನ ಕುಂಭಮೇಳದಲ್ಲಿ ಅಂಗಡಿ ಹಾಕಿದವರು ಕೊನೇ ದಿನ ಸಂಜೆ ಬಾಳೆಹಣ್ಣನ್ನು ಸಿಕ್ಕ ಬೆಲೆಗೆ ಕೊಡುತ್ತಾರೆ. ಅದು ಸರಿ. ಹಣ್ಣು ನಾಳೆಗೆ ಕೊಳೆಯುತ್ತದೆ, ಗಿರಾಕಿ ನಾಳೆ ಬರುವುದಿಲ್ಲ. ಊರಿನ ವ್ಯಾಪಾರ ಹಾಗಲ್ಲ. ಇಲ್ಲಿ ಅದೇ ಮುಖ ನಾಳೆಯೂ ಬರುತ್ತದೆ, ಅವರ ಮಗನೂ ಬರುತ್ತಾನೆ. ಜಾತ್ರೆ ಬೆಲೆಯನ್ನು ಊರಲ್ಲಿ ಹಾಕಿದವನು ಜಾತ್ರೆಯಂತೆಯೇ ಮೂರು ದಿನದಲ್ಲಿ ಎದ್ದು ಹೋಗುತ್ತಾನೆ.

ಹಾಲಿನಲ್ಲೂ ಇದೇ ಆಟ, ತಿರುಗುಮುರುಗು. ಬೇಸಿಗೆಯಲ್ಲಿ ಹಾಲು ಕಡಿಮೆ ಇದ್ದಾಗ ಖಾಸಗಿಯವರು ಬಂದು ಲೀಟರಿಗೆ ಎರಡು ರೂಪಾಯಿ ಜಾಸ್ತಿ ಕೊಡುತ್ತೇವೆ ಎನ್ನುತ್ತಾರೆ. ಸಂಘಕ್ಕೆ ಹಾಕಿದ ಹಾಲಿಗೆ ಸರ್ಕಾರ 2008ರಲ್ಲಿ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಶುರು ಮಾಡಿತು, 2016ರಲ್ಲಿ ಅದು 5 ರೂಪಾಯಿ ಆಯಿತು. ಹೊರಗೆ ಹಾಕಿದ ಹಾಲಿಗೆ ಅದು ಇಲ್ಲ. ಎರಡು ರೂಪಾಯಿ ಎಣಿಸುವಾಗ ಆ ಪ್ರೋತ್ಸಾಹಧನವನ್ನೂ ಎಣಿಸಿ. ಮಳೆಗಾಲದಲ್ಲಿ ಹಸಿರು ಮೇವು ಬಂದು ಹಾಲು ಹೆಚ್ಚಾದಾಗ ಯಾರು ಬಾಗಿಲು ತೆರೆದಿರುತ್ತಾರೆ ಎಂಬುದನ್ನೂ ಜ್ಞಾಪಿಸಿಕೊಳ್ಳಿ.

ಅಂಗಡಿ ಇಟ್ಟಿರುವ ಬಂಧುಗಳೇ, ನನ್ನ ಕಿವಿಮಾತು ಇಷ್ಟೇ. ಎದುರಿನವನು ಬೆಲೆ ಇಳಿಸಿದ ದಿನ ನೀವು ಇಳಿಸಬೇಡಿ. ಒಂದು ರಾತ್ರಿ ಮಲಗಿ ಎದ್ದು ಲೆಕ್ಕ ಹಾಕಿ. ಅವನ ಸಾಮಾನನ್ನು ಕೊಂಡು ತಂದು ತೂಗಿ ನೋಡಿ. ಅವನದು ಕಡಿಮೆ ತೂಕವಾದರೆ ಬೈಯಬೇಡಿ, ಗಿರಾಕಿಗೆ ತೋರಿಸಿ. ಅವನದು ನಿಜವಾಗಿ ಅಗ್ಗವಾದರೆ ಹೇಗೆ ತರುತ್ತಾನೆ ಎಂದು ಕಲಿಯಿರಿ, ನಾಲ್ಕು ಜನ ಕೂಡಿ ತನ್ನಿ. ಅದೂ ಆಗದ ಸಾಮಾನನ್ನು ಬಿಟ್ಟುಬಿಡಿ, ಬೇರೆಯದನ್ನು ಇಡಿ. ಕೊಳ್ಳುವ ಬಂಧುಗಳಿಗೂ ಒಂದು ಮಾತು. ಊರಿನ ಅಂಗಡಿಗಳಲ್ಲಿ ಒಂದೇ ಉಳಿದ ದಿನ ಬೆಲೆ ಹೇಳುವವನು ಅವನೊಬ್ಬನೇ.

ನಮ್ಮ ಮನೆಯವರ ಓಲೆ ಏನಾಯಿತು ಎಂದು ನೀವು ಕೇಳಬಹುದು. ಎರಡು ವರ್ಷ ಈ ಸಂಘಕ್ಕೆ ಹಾಲು ಹಾಕಿ, ಬಟವಾಡೆಯಲ್ಲಿ ಉಳಿಸಿ, ಆ ವರ್ಷದ ಬೋನಸ್ ಸೇರಿಸಿ ಬಿಡಿಸಿಕೊಂಡೆ. ಇವತ್ತು ಅವರು ಅದನ್ನು ಹಾಕಿಕೊಂಡೇ ಆ ಸಾಲಿನಲ್ಲಿ ಕೂತಿದ್ದಾರೆ. ಈ ಸಂಘ ನನಗೆ ಏನು ಕೊಟ್ಟಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನನ್ನ ಮಾತಿನಲ್ಲಿ ತಪ್ಪಿದ್ದರೆ ಹಿರಿಯರು ಮನ್ನಿಸಬೇಕು.  ಜೈ ಸಹಕಾರ.