ಹಿಮಗಾಡಿಯ ಬೆಲ್ಟ್ ಸುಟ್ಟಿದ್ದೇಕೆ?

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ವಾಲ್ಕೂರ್ ಎಂಬ ಪುಟ್ಟ ಊರಿದೆ. ಚಳಿಗಾಲ ಬಂತೆಂದರೆ ಅಲ್ಲಿ ರಸ್ತೆ ಯಾವುದು, ಹೊಲ ಯಾವುದು ಎಂದು ಗುರುತೇ ಸಿಗದಷ್ಟು ಹಿಮ. ಆ ಊರಿನ ಮೆಕ್ಯಾನಿಕ್ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ 1934ರ ಚಳಿಗಾಲದಲ್ಲಿ ತನ್ನ ಎಳೆಯ ಮಗನನ್ನು ಕಳೆದುಕೊಂಡ. ಕಾಯಿಲೆ ಬಿದ್ದ ಮಗುವನ್ನು ಆ ಹಿಮದಲ್ಲಿ ಆಸ್ಪತ್ರೆಗೆ ಒಯ್ಯಲು ಆಗಲೇ ಇಲ್ಲ. ಹುಡುಗನಾಗಿದ್ದಾಗಿನಿಂದಲೂ ಹಿಮದ ಮೇಲೆ ಓಡುವ ಯಂತ್ರಕ್ಕಾಗಿ ತಲೆ ಕೆಡಿಸಿಕೊಂಡಿದ್ದ ಆತ ಹಟ ಬಿಡಲಿಲ್ಲ. 1937ರಲ್ಲಿ ಅವನ ದೊಡ್ಡ ಹಿಮಗಾಡಿಗೆ ಪೇಟೆಂಟ್ ಸಿಕ್ಕಿತು. ಒಬ್ಬಿಬ್ಬರು ಕೂತು ಸವಾರಿ ಮಾಡುವ ಹಗುರವಾದ ‘ಸ್ಕೀ-ಡೂ’ 1959ರಲ್ಲಿ ಮಾರಾಟಕ್ಕೆ ಬಂತು.

ಈಗ ಸ್ನೋಮೊಬೈಲ್ ಎಂದರೆ ಹೆಚ್ಚುಕಡಿಮೆ ಅಂಥದ್ದೇ ಗಾಡಿ. ಮುಂದೆ ಎರಡು ಸ್ಕೀಗಳು, ಹಿಂದೆ ಚಕ್ರದ ಬದಲು ಸುತ್ತುವ ಅಗಲವಾದ ರಬ್ಬರ್ ಟ್ರ್ಯಾಕ್. ಕಾಶ್ಮೀರದ ಗುಲ್‌ಮಾರ್ಗ್‌ಗೆ ಚಳಿಗಾಲದಲ್ಲಿ ಹೋದವರು ಇದರ ಮೇಲೆ ಕೂತು ಫೋಟೊ ತೆಗೆಸಿಕೊಂಡಿರುತ್ತಾರೆ.

ಈ ಗಾಡಿಯಲ್ಲಿ ಗೇರ್ ಬದಲಿಸುವ ಕೆಲಸವಿಲ್ಲ. ಹಾಗಾದರೆ ಏರು ಹತ್ತುವಾಗ ಬಲ, ಬಯಲಿನಲ್ಲಿ ವೇಗ ಎರಡೂ ಬರುವುದು ಹೇಗೆ? ಎರಡು ರಾಟೆ ಮತ್ತು ಒಂದು ರಬ್ಬರ್ ಬೆಲ್ಟಿನಿಂದ. ಪ್ರತಿ ರಾಟೆಯಲ್ಲೂ ಎದುರುಬದುರಾಗಿ ನಿಂತ ಎರಡು ಓರೆ ತಟ್ಟೆಗಳಿವೆ. ಒಂದು ಕದಲುವುದಿಲ್ಲ, ಇನ್ನೊಂದು ಅಕ್ಷದ ಉದ್ದಕ್ಕೂ ಹಿಂದೆ ಮುಂದೆ ಸರಿಯುತ್ತದೆ. ತಟ್ಟೆಗಳು ದೂರವಾದರೆ ಬೆಲ್ಟ್ ಆಳಕ್ಕೆ ಇಳಿದು ಸಣ್ಣ ವೃತ್ತದಲ್ಲಿ ಸುತ್ತುತ್ತದೆ. ಹತ್ತಿರ ಬಂದರೆ ಅಂಚಿನ ಕಡೆಗೆ ಏರಿ ದೊಡ್ಡ ವೃತ್ತದಲ್ಲಿ ಸುತ್ತುತ್ತದೆ. ಎಂಜಿನ್ ಕಡೆಯ ರಾಟೆಯನ್ನು ಡ್ರೈವ್ ಕ್ಲಚ್ ಎನ್ನುತ್ತಾರೆ.

ಡ್ರೈವ್ ಕ್ಲಚ್‌ನ ತಟ್ಟೆಗಳನ್ನು ತಳ್ಳುವವರು ಯಾರು? ಜಾತ್ರೆಯಲ್ಲಿ ಸರಪಳಿಗೆ ಕಟ್ಟಿದ ಕುರ್ಚಿಗಳು ಗಿರಗಿರನೆ ತಿರುಗುವ ಆಟ ನೋಡಿದ್ದೀರಲ್ಲ? ತಿರುಗುವ ವೇಗ ಹೆಚ್ಚಿದಂತೆ ಕುರ್ಚಿಗಳು ಹೊರಕ್ಕೆ ಹೊರಕ್ಕೆ ಚಾಚಿಕೊಳ್ಳುತ್ತವೆ. ಡ್ರೈವ್ ಕ್ಲಚ್‌ನೊಳಗೂ ಹಾಗೆ ಹೊರಕ್ಕೆ ಚಾಚುವ ಲೋಹದ ಪುಟ್ಟ ತೂಕಗಳಿವೆ. ಅವು ಚಾಚಿಕೊಂಡು, ಸರಿಯುವ ತಟ್ಟೆಯನ್ನು ಒಳಕ್ಕೆ ಒತ್ತುತ್ತವೆ. ಅದನ್ನು ತಡೆದು ಹಿಡಿಯಲು ಒಂದು ಸ್ಪ್ರಿಂಗ್ ಇದೆ. ಎಂಜಿನ್ ನಿಧಾನವಾಗಿ ಗುಂಯ್‌ಗುಡುವಾಗ ಸ್ಪ್ರಿಂಗ್ ಗೆಲ್ಲುತ್ತದೆ, ಬೆಲ್ಟಿಗೆ ಹಿಡಿತ ಸಿಗುವುದಿಲ್ಲ, ಗಾಡಿ ನಿಂತಲ್ಲೇ ಇರುತ್ತದೆ. ನಿಮಿಷಕ್ಕೆ ಸುಮಾರು 3,000ದಿಂದ 4,000 ಸುತ್ತು ದಾಟಿದಾಗ ತೂಕಗಳು ಗೆಲ್ಲುತ್ತವೆ, ತಟ್ಟೆಗಳು ಬೆಲ್ಟನ್ನು ಕಚ್ಚುತ್ತವೆ, ಗಾಡಿ ಹೊರಡುತ್ತದೆ. ಟ್ರ್ಯಾಕನ್ನು ತಿರುಗಿಸುವ ಹಿಂದಿನ ರಾಟೆಯಲ್ಲಿ ಇದರ ಉಲ್ಟಾ. ಇಲ್ಲಿ ಬೆಲ್ಟ್ ಮೇಲೇರಿದಷ್ಟೂ ಅಲ್ಲಿ ಆಳಕ್ಕಿಳಿಯುತ್ತದೆ. ಹೊರಡುವಾಗ ಎಂಜಿನ್ ಸುಮಾರು ಮೂರು ಸುತ್ತು ತಿರುಗಿದರೆ ಹಿಂದಿನ ರಾಟೆ ಒಂದು ಸುತ್ತು. ಪೂರ್ತಿ ವೇಗದಲ್ಲಿ ಅದು ಎಂಜಿನ್‌ಗಿಂತ ತುಸು ಜೋರಾಗಿಯೇ ತಿರುಗುವುದುಂಟು. ನಡುವೆ ಎಷ್ಟು ಗೇರ್ ಎಂದು ಎಣಿಸಲು ಹೋದರೆ ಲೆಕ್ಕಕ್ಕೇ ಸಿಗುವುದಿಲ್ಲ!

ಇಷ್ಟೆಲ್ಲ ಒತ್ತಡ, ಉಜ್ಜಾಟ ತಾಳಿಕೊಳ್ಳುವುದು ಆ ರಬ್ಬರ್ ಬೆಲ್ಟ್. ಅದರ ಹೊಟ್ಟೆಯಲ್ಲಿ ಗಟ್ಟಿಯಾದ ದಾರಗಳಿರುತ್ತವೆ. ಕೆಲವು ಬೆಲ್ಟುಗಳಲ್ಲಿ ಗುಂಡುನಿರೋಧಕ ಅಂಗಿಗೆ ಬಳಸುವ ಕೆವ್ಲಾರ್‌ನಂಥದ್ದೇ ಎಳೆ. ಅಷ್ಟಾದರೂ ಬೆಲ್ಟ್ ಸುಡುತ್ತದೆ, ಹರಿಯುತ್ತದೆ. ಆಗ ಬಹಳ ಜನ ‘ಬೆಲ್ಟೇ ಸರಿಯಿಲ್ಲ’ ಎಂದು ಬೈದು ಹೊಸದನ್ನು ಹಾಕಿಬಿಡುತ್ತಾರೆ. ಸ್ವಲ್ಪ ದಿನಕ್ಕೆ ಹೊಸದೂ ಸುಡುತ್ತದೆ. ನನ್ನ ಪ್ರಕಾರ ಬೆಲ್ಟಿನ ತಪ್ಪು ಕಡಿಮೆ. ಬೇರೆ ಯಾವುದೋ ಭಾಗದ, ಕೆಲವೊಮ್ಮೆ ಸವಾರನ ತಪ್ಪಿಗೆ ಅದು ಪೆಟ್ಟು ತಿಂದಿರುತ್ತದೆ. ಆದ್ದರಿಂದ ಜಾಣ ಮೆಕ್ಯಾನಿಕ್ ಹಳೆಯ ಬೆಲ್ಟನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡುತ್ತಾನೆ.

ಒಂದು ಬೆಲ್ಟ್ ನೋಡೋಣ. ಸುತ್ತಲೂ ಚೆನ್ನಾಗಿದೆ, ಒಂದೇ ಕಡೆ ಎರಡೂ ಪಕ್ಕ ಸವೆದು ಸೊಂಟದ ಹಾಗೆ ಸಣ್ಣಗಾಗಿದೆ. ಅಲ್ಲಿ ರಬ್ಬರ್ ಸುಟ್ಟು ಗಟ್ಟಿಯಾಗಿದೆ, ಮೂಗಿನ ಹತ್ತಿರ ತಂದರೆ ಕಮಟು ವಾಸನೆ. ಒಂದೇ ಕಡೆ ಏಕೆ? ಹಿಂದಿನ ಸಂಜೆ ನಡೆದದ್ದನ್ನು ಊಹಿಸಿ. ಓಡಿ ಬಿಸಿಯಾದ ಗಾಡಿಯನ್ನು ಹಿಮದ ಮೇಲೆ ನಿಲ್ಲಿಸಿದ್ದಾರೆ. ಟ್ರ್ಯಾಕಿನ ಕೆಳಗಿನ ಹಿಮ ಸ್ವಲ್ಪ ಕರಗಿದೆ, ರಾತ್ರಿ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಮತ್ತೆ ಹೆಪ್ಪುಗಟ್ಟಿ ಟ್ರ್ಯಾಕನ್ನು ನೆಲಕ್ಕೆ ಅಂಟಿಸಿಬಿಟ್ಟಿದೆ. ಬೆಳಿಗ್ಗೆ ಸವಾರ ಬಂದವನೇ ಥ್ರಾಟಲ್ ಒತ್ತಿದ. ಡ್ರೈವ್ ಕ್ಲಚ್ ತಿರುಗಿತು, ಬೆಲ್ಟನ್ನು ಕಚ್ಚಿತು. ಆದರೆ ಹಿಂದಿನ ರಾಟೆ ಕದಲದು, ಹಾಗಾಗಿ ಬೆಲ್ಟೂ ಕದಲದು. ತಿರುಗುವ ತಟ್ಟೆಗಳು ಬೆಲ್ಟಿನ ಅದೇ ಜಾಗವನ್ನು ಉಜ್ಜಿದವು. ಘರ್ಷಣೆ ಇದ್ದಲ್ಲಿ ಶಾಖ. ಕೆಲವೇ ಸೆಕೆಂಡುಗಳಲ್ಲಿ ರಬ್ಬರ್ ಸುಟ್ಟಿತು. ಆಮೇಲೆ ಆ ಸಣ್ಣ ಜಾಗ ರಾಟೆಗೆ ಬಂದಾಗಲೆಲ್ಲ ಆಳಕ್ಕೆ ಜಾರುತ್ತದೆ, ಗಾಡಿ ದಡದಡ ಅದುರುತ್ತದೆ. ಹೊರಡುವ ಮೊದಲು ಗಾಡಿಯ ಹಿಂಭಾಗವನ್ನು ಸ್ವಲ್ಪ ಎತ್ತಿ ಅಲುಗಿಸಿ ಟ್ರ್ಯಾಕನ್ನು ಬಿಡಿಸಿಕೊಂಡಿದ್ದರೆ ಬೆಲ್ಟ್ ಉಳಿಯುತ್ತಿತ್ತು.

ಇನ್ನೊಂದು ಬೆಲ್ಟಿನ ಒಂದೇ ಅಂಚಿನಲ್ಲಿ ದಾರಗಳು ಎದ್ದಿವೆ ಎನ್ನಿ. ಆಗ ಎರಡು ರಾಟೆಗಳು ಒಂದೇ ಸಾಲಿನಲ್ಲಿವೆಯೇ ಎಂದು ನೋಡಬೇಕು. ಎಂಜಿನ್ ಕೂರಿಸಿದ ರಬ್ಬರ್ ಒಡೆದಿದ್ದರೆ, ಬಲ ಹಾಕಿದಾಗ ಎಂಜಿನ್ನೇ ಸ್ವಲ್ಪ ವಾಲುತ್ತದೆ, ಬೆಲ್ಟ್ ಓರೆಯಾಗಿ ಓಡುತ್ತದೆ. ಬೆಲ್ಟಿನ ಎರಡೂ ಪಕ್ಕ ಗಾಜಿನಂತೆ ಮಿನುಗುತ್ತಿದ್ದರೆ ಅದು ಜಾರುತ್ತಿದೆ ಎಂದರ್ಥ. ಎಣ್ಣೆಗೈಯಲ್ಲಿ ಮುಟ್ಟಿದರೂ ಸಾಕು, ಜಾರಾಟ ಶುರುವಾಗಲು. ಜಾರಿದಷ್ಟೂ ಬಿಸಿ, ಬಿಸಿಯಾದಷ್ಟೂ ನುಣುಪು, ನುಣುಪಾದಷ್ಟೂ ಮತ್ತೆ ಜಾರಾಟ. ಅದಕ್ಕೇ ಹೊಸ ಬೆಲ್ಟನ್ನು ಸೋಪುನೀರಿನಲ್ಲಿ ತೊಳೆದು ಒಣಗಿಸಿ ಹಾಕುವವರಿದ್ದಾರೆ. ಮೊದಲ ಕೆಲವು ಕಿಲೋಮೀಟರ್ ಮೆಲ್ಲಗೆ ಓಡಿಸುವುದೂ ಒಳ್ಳೆಯ ರೂಢಿ.

ಬೆಲ್ಟ್ ಚೆನ್ನಾಗಿದ್ದೂ ತೊಂದರೆ ಬರುವುದುಂಟು. ಥ್ರಾಟಲ್ ಮುಟ್ಟದಿದ್ದರೂ ಗಾಡಿ ತಾನಾಗಿ ತೆವಳಿದರೆ ಬೆಲ್ಟ್ ತೀರಾ ಬಿಗಿಯಾಗಿರಬಹುದು, ಇಲ್ಲವೇ ಡ್ರೈವ್ ಕ್ಲಚ್‌ನ ಸ್ಪ್ರಿಂಗ್ ಸೋತಿರಬಹುದು. ಬೆಲ್ಟ್ ಸವೆದ ಕಪ್ಪು ಪುಡಿ ತೂಕಗಳ ಸಂದಿಯಲ್ಲಿ ಕೂತರಂತೂ ತಟ್ಟೆ ಸಲೀಸಾಗಿ ಸರಿಯದೆ ಗಾಡಿ ಜಗ್ಗಿ ಜಗ್ಗಿ ಓಡುತ್ತದೆ. ಇದಕ್ಕೆ ಹೊಸ ಬೆಲ್ಟ್ ಬೇಕಿಲ್ಲ, ಗಾಳಿ ಹೊಡೆದು ಪುಡಿ ತೆಗೆದರೆ ಎಷ್ಟೋ ಸಲ ಸರಿಹೋಗುತ್ತದೆ.

ಹಿಮವೇ ಬೀಳದ ನಮ್ಮೂರಿಗೆ ಇದೆಲ್ಲ ಏಕೆ ಎನ್ನುತ್ತೀರಾ? ನಿಮ್ಮ ಮನೆಯಲ್ಲಿ ಪೆಟ್ರೋಲಿನ ಗೇರ್‌ಲೆಸ್ ಸ್ಕೂಟರ್ ಇದ್ದರೆ ಅದರ ಎಡಬದಿಯ ಉದ್ದನೆಯ ಮುಚ್ಚಳದೊಳಗೂ ಇಂಥದ್ದೇ ಎರಡು ರಾಟೆ, ಒಂದು ಬೆಲ್ಟ್ ಇವೆ. ತೂಕಗಳ ಜಾಗದಲ್ಲಿ ಗುಂಡಗಿನ ರೋಲರ್‌ಗಳು. ಮುಂದಿನ ಸಲ ಸ್ಕೂಟರ್ ರಿಪೇರಿಗೆ ಹೋದಾಗ ಮೆಕ್ಯಾನಿಕ್ ಅಣ್ಣನನ್ನು ಕೇಳಿ, ಬಿಚ್ಚಿದ ಹಳೆಯ ಬೆಲ್ಟ್ ಇಸಿದುಕೊಳ್ಳಿ. ಪಕ್ಕ ಮಿನುಗುತ್ತಿದೆಯೇ, ಅಂಚಿನಲ್ಲಿ ದಾರ ಎದ್ದಿದೆಯೇ, ಒಳಗಿನ ಹಲ್ಲುಗಳ ಬುಡದಲ್ಲಿ ಬಿರುಕು ಬಿಟ್ಟಿದೆಯೇ ನೋಡಿ. ಎಂಜಿನ್ ಓಡುತ್ತಿರುವಾಗ ಮಾತ್ರ ತೆರೆದ ಬೆಲ್ಟಿನ ಹತ್ತಿರ ಕೈ, ಜಡೆ, ದುಪಟ್ಟಾ ಯಾವುದನ್ನೂ ಒಯ್ಯಬೇಡಿ.