ಮಕ್ಕಳ ರಕ್ತದ ಕ್ಯಾನ್ಸರ್: ಭಯಕ್ಕಿಂತ ತಿಳುವಳಿಕೆ ಮುಖ್ಯ

(ಸೆರಿಟೋಸ್ ವಾರ್ಷಿಕ ಕೂಟದಲ್ಲಿ ಮಾಡಿದ ಭಾಷಣ)

ನಾನು ಡಾಕ್ಟರಲ್ಲ, ಐಟಿಐ ಮುಗಿಸಿದ ಎಲೆಕ್ಟ್ರಿಷಿಯನ್. ಆದರೂ ಈ ವಿಷಯ ನಮ್ಮಂಥ ದುಡಿಯುವವರ ಮನೆಗಳಿಗೆ ಗೊತ್ತಿರಲಿ ಅಂತ ನಾಲ್ಕು ಮಾತು ಹೇಳ್ತೇನೆ.

ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ಹೆಚ್ಚು ಕಾಣುವುದು ಎ.ಎಲ್.ಎಲ್. ಇನ್ನೊಂದು ಎ.ಎಂ.ಎಲ್. ಇದು ಅಪರೂಪ, ಆದರೆ ಮೊಂಡು ಕಾಯಿಲೆ. ರಕ್ತ ತಯಾರಾಗುವ ಮೂಳೆಮಜ್ಜೆಯಲ್ಲಿ ಬಲಿಯದ ಕಣಗಳು ತುಂಬಿಕೊಂಡು ಒಳ್ಳೆ ರಕ್ತಕ್ಕೆ ಜಾಗವೇ ಇಲ್ಲದಂತಾಗುತ್ತೆ. ಮಗು ಬಿಳಿಚಿಕೊಳ್ಳುತ್ತೆ, ಜ್ವರ ಬಿಡಲ್ಲ, ಏಟು ಬೀಳದೆ ಮೈಮೇಲೆ ನೀಲಿ ಕಲೆ ಏಳುತ್ತೆ, ವಸಡಲ್ಲಿ ರಕ್ತ ಬರುತ್ತೆ. ಇಂಥದ್ದು ಕಂಡರೆ ಕಷಾಯ ಕೊಟ್ಟು ವಾರಗಟ್ಟಲೆ ಕಾಯಬೇಡಿ. ಮೊದಲು ರಕ್ತ ಪರೀಕ್ಷೆ ಮಾಡಿಸಿ.

ಚಿಕಿತ್ಸೆ ಅಂದರೆ ಸೈಟರಬಿನ್, ಡೌನೋರುಬಿಸಿನ್ ಮುಂತಾದ ಔಷಧಿಗಳ ಕೀಮೋ, ನಾಲ್ಕೈದು ಸುತ್ತು. ಸುಮಾರು ಆರು ತಿಂಗಳು ಹಿಡಿಯುತ್ತೆ. ಬಿಳಿ ರಕ್ತಕಣ ಇಳಿದಾಗ ಸಣ್ಣ ಸೋಂಕೂ ಪ್ರಾಣಕ್ಕೆ ಕುತ್ತು. ಅದಕ್ಕೇ ವಾರಗಟ್ಟಲೆ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುತ್ತಾರೆ. 1975ರ ಸುಮಾರಿಗೆ ಈ ದೇಶದಲ್ಲಿ ಇಂಥ ನೂರು ಮಕ್ಕಳಲ್ಲಿ ಐದು ವರ್ಷ ದಾಟುತ್ತಿದ್ದವರು 20ಕ್ಕೂ ಕಡಿಮೆ. ಈಗ 65ರಿಂದ 70 ಮಕ್ಕಳು ದಾಟುತ್ತಾರೆ.

ಅಪಾಯ ಹೆಚ್ಚಿದ್ದರೆ, ಇಲ್ಲವೇ ಕಾಯಿಲೆ ಮರುಕಳಿಸಿದರೆ, ಬೇರೆಯವರ ಮಜ್ಜೆ ಕಸಿ ಮಾಡಬೇಕಾಗುತ್ತೆ. ನಮ್ಮ ಹತ್ತಿರದ ಡುವಾರ್ಟೆಯ ಸಿಟಿ ಆಫ್ ಹೋಪ್‌ನಲ್ಲಿ 1976ರಿಂದ ಈ ಕಸಿ ನಡೀತಾ ಇದೆ. ಒಡಹುಟ್ಟಿದ ಒಬ್ಬರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಂದದಿದ್ದರೆ ದಾನಿಗಳ ಪಟ್ಟಿಯಲ್ಲಿ ಹುಡುಕಬೇಕು. ಇಲ್ಲಿನ ಎನ್.ಎಂ.ಡಿ.ಪಿ. ಪಟ್ಟಿಯಲ್ಲಿ ಪೂರ್ತಿ ಹೊಂದುವ ದಾನಿ ಸಿಗುವ ಸಾಧ್ಯತೆ ಬಿಳಿಯರಿಗೆ ನೂರಕ್ಕೆ 79, ಏಷ್ಯಾ ಮೂಲದವರಿಗೆ 47. ಹೊಂದಾಣಿಕೆ ವಂಶದಿಂದ ಬರುವಂಥದ್ದು. ನಮ್ಮ ಮಕ್ಕಳಿಗೆ ಹೊಂದುವವರು ಹೆಚ್ಚಾಗಿ ನಮ್ಮವರಲ್ಲೇ ಸಿಗಬೇಕು. ನಾವೇ ಹೆಸರು ಬರೆಸದಿದ್ದರೆ ಎಲ್ಲಿಂದ ಸಿಗ್ತಾರೆ?

18ರಿಂದ 40 ವಯಸ್ಸಿನ ಆರೋಗ್ಯವಂತರು ಸೇರಬಹುದು. ಕೆನ್ನೆಯ ಒಳಗೆ ಹತ್ತಿಕಡ್ಡಿ ಸವರಿ ಕೊಟ್ಟರೆ ಸಾಕು. ಕರೆ ಬಂದರೂ ಬಹಳ ಜನರಿಂದ ತೋಳಿನ ರಕ್ತದ ಮೂಲಕವೇ ಕಣ ತೆಗೆಯುತ್ತಾರೆ. ಊರಲ್ಲಿರುವ ತಮ್ಮಂದಿರಿಗೆ ಬೆಂಗಳೂರಿನ ಡಿಕೆಎಂಎಸ್, ಚೆನ್ನೈನ ದಾತ್ರಿ ಇವೆ.

ಕೊನೆಗೆ ದುಡ್ಡಿನ ಮಾತು. ಬಿಲ್ಲಿಗೆ ಹೆದರಿ, ಕಾಗದಪತ್ರಕ್ಕೆ ಹೆದರಿ ಮಗುವನ್ನು ಮನೆಯಲ್ಲಿಟ್ಟುಕೊಳ್ಳಬೇಡಿ. ಕಡಿಮೆ ಆದಾಯದ ಮನೆಯ ಮಕ್ಕಳಿಗೆ ವಲಸೆ ಕಾಗದ ಹೇಗೇ ಇರಲಿ, ಕ್ಯಾಲಿಫೋರ್ನಿಯಾದ ಮೆಡಿ-ಕ್ಯಾಲ್ 2016ರ ಮೇ ತಿಂಗಳಿಂದ ಪೂರ್ತಿ ತೆರೆದಿದೆ. ಕ್ಯಾನ್ಸರಿನಂಥ ಕಾಯಿಲೆಗೆ 21 ವರ್ಷದೊಳಗಿನವರಿಗಾಗಿ ಕ್ಯಾಲಿಫೋರ್ನಿಯಾ ಚಿಲ್ಡ್ರನ್ಸ್ ಸರ್ವಿಸಸ್ ಕೂಡ ಇದೆ. ಆಸ್ಪತ್ರೆಯ ಸೋಶಿಯಲ್ ವರ್ಕರ್ ಹತ್ತಿರ ಕೇಳಿ, ಸಂಕೋಚ ಬೇಡ.

ಊಟಕ್ಕೆ ಏಳುವ ಮುಂಚೆ ಹೆಸರು ಬರೆಸುವ ಬಗ್ಗೆ ಪಕ್ಕದವರ ಜೊತೆ ಒಂದು ಮಾತಾಡಿ.