ಹೊಸ ವರ್ಷಕ್ಕೆ ಒಂದೇ ಒಂದು ಸಂಕಲ್ಪ

(ಜನವರಿ 1, ದೇವಮಾತೆ ಮರಿಯಮ್ಮನವರ ಮಹೋತ್ಸವದಂದು ನೀಡಿದ ಪ್ರಬೋಧನೆ)



ಕ್ರಿಸ್ತಜಯಂತಿ ಕಳೆದು ಇಂದಿಗೆ ಎಂಟನೆಯ ದಿನ. ಗೋದಲಿ ಇನ್ನೂ ದೇವಾಲಯದಲ್ಲಿದೆ. ಹೊರಗೆ ಸಕಲೇಶಪುರ, ಆಲೂರು ಸೀಮೆಯ ತೋಟಗಳಲ್ಲಿ ಕುಯ್ಲಿನ ಕಾಲ. ಅರೇಬಿಕಾ ಮುಗಿಯುತ್ತಾ ಬಂದಿದೆ, ರೊಬಸ್ಟಾ ಹಣ್ಣಾಗುತ್ತಿದೆ, ಕಣದಲ್ಲಿ ಕಾಫಿ ಒಣಗುತ್ತಿದೆ. ಆನೆ ಓಡಾಡುವ ಹಾದಿಯೆಂದು ಬೆಳಕು ಹರಿಯುವವರೆಗೆ ಕಾದು, ನಾಲ್ಕು ಜನ ಜೊತೆಗೂಡಿ ನಡೆದು ಬಂದವರು ನಿಮ್ಮಲ್ಲಿದ್ದಾರೆ. ಬಲಿಪೂಜೆ ಮುಗಿಸಿ ನೇರವಾಗಿ ಕೆಲಸಕ್ಕೆ ಹೋಗುವವರೂ ಇದ್ದಾರೆ.

ಇಂದಿನ ಶುಭಸಂದೇಶದ ಕುರುಬರೂ ಹಾಗೆಯೇ ಮಾಡಿದರು. ಅವರು ಅವಸರದಿಂದ ಬಂದು ಕಂದ ಯೇಸುವನ್ನು ಕಂಡರು, ದೇವರನ್ನು ಕೊಂಡಾಡುತ್ತಾ ಹಿಂದಿರುಗಿದರು. ಎಲ್ಲಿಗೆ? ಅದೇ ಹೊಲಕ್ಕೆ, ಅದೇ ಕುರಿಗಳ ಬಳಿಗೆ. ಅವರ ಕಸುಬು ಬದಲಾಗಲಿಲ್ಲ, ಬಡತನವೂ ಒಂದು ರಾತ್ರಿಯಲ್ಲಿ ಹೋಗಲಿಲ್ಲ. ಇದೇ ಅಧ್ಯಾಯದ ಕೊನೆಯಲ್ಲಿ ಸಂತ ಲೂಕರು ಇನ್ನೊಂದು ಮಾತನ್ನು ಹೇಳುತ್ತಾರೆ. ಬಾಲಯೇಸು ವಯಸ್ಸಿನಲ್ಲಿಯೂ ಜ್ಞಾನದಲ್ಲಿಯೂ ಬೆಳೆಯುತ್ತಾ ಹೋದರಂತೆ. ದೇವಪುತ್ರರೇ ದಿನದಿಂದ ದಿನಕ್ಕೆ ಬೆಳೆದರು. ನಾವು ಮಾತ್ರ ಡಿಸೆಂಬರ್ 31ರಂದು ಮಲಗಿ ಜನವರಿ 1ರಂದು ಬೇರೆ ಮನುಷ್ಯರಾಗಿ ಏಳಬೇಕೆಂದು ಬಯಸುತ್ತೇವೆ.

ಗುರುಗಳಾದ ನಾವೂ ಇದಕ್ಕೆ ಹೊರತಲ್ಲ. ಪ್ರತಿ ವರ್ಷ ಯಾರಾದರೂ ನಮಗೆ ಹೊಸ ಡೈರಿ ಕೊಡುತ್ತಾರೆ. ಮೊದಲ ಪುಟದಲ್ಲಿ ಹತ್ತು ಸಂಕಲ್ಪಗಳನ್ನು ಅಂದವಾಗಿ ಬರೆಯುತ್ತೇವೆ. ತಪಸ್ಸುಕಾಲ ಬರುವ ಹೊತ್ತಿಗೆ ಡೈರಿ ಎಲ್ಲಿದೆಯೆಂದೇ ನೆನಪಿರುವುದಿಲ್ಲ. ಶೆಟ್ಟಿಹಳ್ಳಿಯ ಹಳೆಯ ದೇವಾಲಯವನ್ನು ನೀವು ನೋಡಿದ್ದೀರಿ. ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರಿನಲ್ಲಿ ಮುಳುಗುತ್ತದೆ, ನೀರು ಇಳಿದಾಗ ಮತ್ತೆ ಕಾಣುತ್ತದೆ. ನಮ್ಮ ಸಂಕಲ್ಪಗಳೂ ವರ್ಷಕ್ಕೊಮ್ಮೆ ತಲೆಯೆತ್ತಿ ಮತ್ತೆ ಮುಳುಗುತ್ತವೆ. ಪ್ರತಿ ಸಲ ಮುಳುಗಿ ಎದ್ದಾಗಲೂ ಆ ಗೋಡೆಗಳು ಒಂದಿಷ್ಟು ಸವೆದಿರುತ್ತವೆ. ಪ್ರತಿ ಸಲ ಮಾತು ಮುರಿದಾಗಲೂ ನಮ್ಮ ಮೇಲೆ ನಮಗಿರುವ ನಂಬಿಕೆ ಒಂದಿಷ್ಟು ಸವೆಯುತ್ತದೆ.

ಕೆಲವು ವರ್ಷಗಳ ಹಿಂದೆ ನಡೆದ ಒಂದು ಸಂಗತಿಯನ್ನು ಹೇಳುತ್ತೇವೆ. ತೋಟದ ಲೈನ್ ಮನೆಯಲ್ಲಿದ್ದ ಒಬ್ಬ ಸಹೋದರನಿಗೆ ಕುಡಿತದ ಚಟ. ಬಟವಾಡೆಯ ದಿನ ಕೈಗೆ ಬಂದ ದುಡ್ಡು ಮನೆ ಸೇರುತ್ತಿರಲಿಲ್ಲ. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತಲ್ಲವೇ? ಪ್ಯಾಕೆಟ್ ಹೋಯಿತು, ಬಾಟಲಿ ಉಳಿಯಿತು. ಹೊಸ ವರ್ಷದ ದಿನ ಅವನ ಹೆಂಡತಿ ಅವನನ್ನು ದೇವಾಲಯಕ್ಕೆ ಕರೆದುಕೊಂಡು ಬಂದಳು. ಇನ್ನು ಜೀವಮಾನದಲ್ಲಿ ಮುಟ್ಟುವುದಿಲ್ಲವೆಂದು ಎಲ್ಲರೆದುರು ಶಿಲುಬೆ ಮುಟ್ಟಿ ಆಣೆ ಮಾಡಿಸಿದೆವು. ಜನ ಚಪ್ಪಾಳೆ ತಟ್ಟಿದರು. ನಮಗೂ ಸಂತೋಷವಾಯಿತು.

ಸಂಕ್ರಾಂತಿಯ ಹೊತ್ತಿಗೆ ಅವನು ಮತ್ತೆ ಕುಡಿದ. ಅಂದಿನಿಂದ ದೇವಾಲಯಕ್ಕೆ ಬರುವುದನ್ನೇ ನಿಲ್ಲಿಸಿದ. ದಾರಿಯಲ್ಲಿ ನಮ್ಮನ್ನು ಕಂಡರೆ ತೋಟದೊಳಗೆ ಇಳಿದುಬಿಡುತ್ತಿದ್ದ. ಅವನ ಹೆಂಡತಿ ಬಂದು, "ಮೊದ್ಲು ಕುಡೀತಿದ್ರು, ಭಾನುವಾರ ಪೂಜೆಗಾದ್ರೂ ಬರ್ತಿದ್ರು ಫಾದರ್. ಈಗ ಅದೂ ಇಲ್ಲ" ಎಂದಳು. ಆ ಮಾತು ನಮ್ಮ ಎದೆಗೆ ನಾಟಿತು. ಹೊರಲಾರದ ಹೊರೆಯನ್ನು ಅವನ ತಲೆಯ ಮೇಲೆ ಹೊರಿಸಿದವರು ನಾವೇ.

ನಾವೇ ಅವನ ಮನೆಗೆ ಹೋದೆವು. ತಪ್ಪಾಯಿತು ಎಂದೆವು. ಬಹಳ ಹೊತ್ತು ಸುಮ್ಮನಿದ್ದು ಅವನು ಹೇಳಿದ: "ಜೀವಮಾನದ್ದೆಲ್ಲಾ ನಂಗೆ ಗೊತ್ತಿಲ್ಲ ಫಾದರ್. ಈ ಸಲದ ಬಟವಾಡೆ ಒಂದು ದಿನ ಬೇಕಾದ್ರೆ ನೋಡ್ತೀನಿ." ಬಟವಾಡೆಯ ದಿನ ದುಡ್ಡು ತೆಗೆದುಕೊಂಡು ಎಲ್ಲೂ ನಿಲ್ಲದೆ ಮನೆಗೆ ಬಂದು ಹೆಂಡತಿಯ ಕೈಗೆ ಕೊಡುವುದು. ಅಷ್ಟೇ ಅವನ ಸಂಕಲ್ಪ. ಆ ವಾರ ಕೊಟ್ಟ. ಮುಂದಿನ ವಾರ ತಪ್ಪಿದ. ಅದರ ಮುಂದಿನ ವಾರ ಮತ್ತೆ ಕೊಟ್ಟ. ಅವನು ಪೂರ್ತಿ ಗೆದ್ದನೆಂದು ಇಂದಿಗೂ ಹೇಳಲಾರೆವು. ಆದರೆ ಆ ವರ್ಷ ಶಾಲೆ ಬಿಡಬೇಕಾಗಿದ್ದ ಅವನ ಮಗಳು ಶಾಲೆ ಬಿಡಲಿಲ್ಲ.

ಪ್ರಿಯರೇ, ಇದರಿಂದ ನಾವು ಕಲಿತ ಮೂರು ವಿಷಯಗಳನ್ನು ನಿಮ್ಮ ಮುಂದಿಡುತ್ತೇವೆ.

ಮೊದಲನೆಯದು, ಒಂದನ್ನೇ ಆರಿಸಿಕೊಳ್ಳೋಣ. ಕುಯ್ಲು ಮುಗಿದ ಮೇಲೆ ತೋಟದಲ್ಲಿ ಕಪಾತು ಮಾಡುತ್ತೀರಿ. ಒಣಗಿದ ರೆಕ್ಕೆ, ಅಡ್ಡಾದಿಡ್ಡಿ ಬೆಳೆದ ರೆಕ್ಕೆ ನೋಡಿ ತೆಗೆಯುತ್ತೀರಿ. ಹುಮ್ಮಸ್ಸು ಬಂತೆಂದು ಗಿಡವನ್ನೆಲ್ಲ ಬೋಳಿಸಿದರೆ ಮುಂದಿನ ವರ್ಷ ಫಸಲಿಲ್ಲ. ಯಾವುದನ್ನು ಆರಿಸಬೇಕೆಂದು ತಿಳಿಯದಿದ್ದರೆ ಬಿಳಿ ಕಾಂಡಕೊರಕವನ್ನು ನೆನಪಿಸಿಕೊಳ್ಳಿ. ಅರೇಬಿಕಾ ಗಿಡದ ಎಲೆ ಹಳದಿಯಾದರೆ ನೀವು ಎಲೆಗೆ ಔಷಧಿ ಹುಡುಕುವುದಿಲ್ಲ, ಕಾಂಡದ ಮೇಲೆ ಏರು ಎದ್ದಿದೆಯೇ ಎಂದು ನೋಡುತ್ತೀರಿ. ಹುಳು ಒಳಗಿರುತ್ತದೆ. ನಮ್ಮ ಮನೆಯನ್ನು ಒಳಗಿನಿಂದ ಕೊರೆಯುತ್ತಿರುವುದು ಯಾವುದು? ಕುಡಿತವೇ? ಸಾಲವೇ? ತೋಟದ ಬೇಲಿಯ ವಿಷಯಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟಿರುವುದೇ? ಕೆಲಸದವರ ಕೂಲಿಯನ್ನು ನಾಳೆ ನಾಡಿದ್ದು ಎಂದು ಮುಂದೂಡುವುದೇ? ಊಟದ ಹೊತ್ತಿನಲ್ಲೂ ಕೈಬಿಡದ ಮೊಬೈಲೇ? ಧರ್ಮಕೇಂದ್ರದ ಕಚೇರಿಗೆ ಜ್ಞಾನಸ್ನಾನದ ಪತ್ರ ಕೇಳಿಕೊಂಡು ಬಂದವರ ಮೇಲೆ ಸಿಡುಕುವುದು ನಮ್ಮ ದೋಷ. ಈ ವರ್ಷ ನಾವು ಅದೊಂದನ್ನೇ ಆರಿಸಿಕೊಂಡಿದ್ದೇವೆ.

ಎರಡನೆಯದು, ಪ್ರತಿ ಸಂಜೆ ತೂಕ ಹಾಕೋಣ. 1521ರಲ್ಲಿ ಪಂಪ್ಲೋನಾದ ಯುದ್ಧದಲ್ಲಿ ಕಾಲಿಗೆ ಗುಂಡು ಬಿದ್ದು ಹಾಸಿಗೆ ಹಿಡಿದ ಒಬ್ಬ ಯೋಧ ಮುಂದೆ ಸಂತ ಇಗ್ನೇಷಿಯಸ್ ಲೊಯೋಲಾ ಆದರು. ಅವರ 'ಆಧ್ಯಾತ್ಮಿಕ ಸಾಧನೆ' ಎಂಬ ಗ್ರಂಥಕ್ಕೆ 1548ರಲ್ಲಿ ವಿಶ್ವಗುರು ಮೂರನೇ ಪೌಲರು ಮನ್ನಣೆ ನೀಡಿದರು. ಅದರಲ್ಲಿ ಒಂದು ಸರಳ ಕ್ರಮವಿದೆ. ಬೆಳಿಗ್ಗೆ ಎದ್ದೊಡನೆ ತಿದ್ದಿಕೊಳ್ಳಬೇಕಾದ ಆ ಒಂದು ದೋಷವನ್ನು ನೆನೆಯುವುದು. ಮಧ್ಯಾಹ್ನದ ಊಟದ ಮೇಲೆ ಒಮ್ಮೆ, ರಾತ್ರಿಯ ಊಟದ ಮೇಲೆ ಒಮ್ಮೆ, ಎಷ್ಟು ಸಲ ಎಡವಿದೆನೆಂದು ಗಂಟೆಗಂಟೆಯ ಲೆಕ್ಕ ನೋಡುವುದು. ಅಷ್ಟು ಚುಕ್ಕೆಗಳನ್ನು ಒಂದು ಗೆರೆಯ ಮೇಲೆ ಇಡುವುದು. ನಿನ್ನೆಗಿಂತ ಇಂದು, ಹೋದ ವಾರಕ್ಕಿಂತ ಈ ವಾರ ಚುಕ್ಕೆ ಕಡಿಮೆಯಾಯಿತೇ ಎಂದು ಹೋಲಿಸುವುದು. ಇದು ಓದಿದವರಿಗೆ ಮಾತ್ರ ಸಾಧ್ಯವೆಂದು ತಿಳಿಯಬೇಡಿ. ಇಡೀ ದಿನ ಕುಯ್ದ ಹಣ್ಣನ್ನು ಸಂಜೆ ತೂಕ ಮಾಡಿಸದೆ, ರೈಟರ್ ಪುಸ್ತಕದಲ್ಲಿ ಬರೆದರೇ ಎಂದು ನೋಡದೆ ನೀವು ಮನೆಗೆ ಹೋಗುವುದಿಲ್ಲ. ಹಣ್ಣಿಗೆ ತೂಕವಿದೆ, ಇಡೀ ದಿನದ ಬಾಳಿಗೆ ಬೇಡವೇ? ಮನೆಯ ಹೊಸ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೀರಿ. ಅದರ ಪಕ್ಕದಲ್ಲೇ ಒಂದು ಚುಕ್ಕೆಗೆ ಜಾಗವಿದೆ.

ಮೂರನೆಯದು, ಬಿದ್ದರೆ ಮತ್ತೆ ಏಳೋಣ. ಇಂದು, ಎಂಟನೆಯ ದಿನ, ಆ ಕಂದನಿಗೆ ಯೇಸು ಎಂದು ಹೆಸರಿಟ್ಟರು. ದೇವರು ರಕ್ಷಿಸುತ್ತಾರೆ ಎಂಬುದು ಆ ಹೆಸರಿನ ಅರ್ಥ. ನಮ್ಮ ಹಟದಿಂದಲೇ ನಾವು ಉದ್ಧಾರವಾಗುವಂತಿದ್ದರೆ ಆ ಹೆಸರೇ ಬೇಕಿರಲಿಲ್ಲ. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘವನ್ನು ಆರಂಭಿಸಿದರು. ಇವತ್ತೊಂದು ದಿನ ಕುಡಿಯದಿರೋಣ ಎಂಬುದೇ ಅವರ ದಾರಿ. ಒಂದು ಎಚ್ಚರಿಕೆಯ ಮಾತು. ಬಹಳ ಕಾಲ ಹೆಚ್ಚು ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಅಂಥವರನ್ನು ಮೊದಲು ವೈದ್ಯರ ಬಳಿಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಸಲಹೆ ಕೇಳಬಹುದು. ವೈದ್ಯರಲ್ಲಿಗೆ ಹೋಗುವುದು ವಿಶ್ವಾಸದ ಕೊರತೆಯಲ್ಲ.

ಮನೆಯವರಿಗೂ ಒಂದು ವಿನಂತಿ. ಬಿದ್ದವನನ್ನು, "ಆಣೆ ಇಟ್ಟಿದ್ದೆಯಲ್ಲ, ಏನಾಯ್ತು?" ಎಂದು ಹಂಗಿಸಬೇಡಿ. ಮರಿಯಮ್ಮನವರು ಎಲ್ಲವನ್ನೂ ಮನದಲ್ಲಿಟ್ಟು ಧ್ಯಾನಿಸುತ್ತಿದ್ದರೆಂದು ಇಂದು ಕೇಳಿದೆವು. ಕಾಯುವುದು ಹೇಗೆಂದು ಆ ತಾಯಿಯಿಂದ ಕಲಿಯೋಣ.

1968ರಿಂದ ಧರ್ಮಸಭೆಯು ಜನವರಿ 1ನ್ನು ವಿಶ್ವಶಾಂತಿ ದಿನವಾಗಿಯೂ ಆಚರಿಸುತ್ತಿದೆ. ಲೋಕದ ಯುದ್ಧಗಳನ್ನು ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ. ಬಟವಾಡೆಯ ಸಂಜೆ ಒಂದು ಮನೆಯಲ್ಲಿ ಮಕ್ಕಳು ಹೆದರದೆ ಉಣ್ಣುವಂತೆ ಮಾಡುವುದು ನಮ್ಮ ಕೈಯಲ್ಲಿದೆ.

ಈಗ ಒಂದು ನಿಮಿಷ ಮೌನವಾಗಿರೋಣ. ಪ್ರತಿಯೊಬ್ಬರೂ ಒಂದೇ ಒಂದನ್ನು ಆರಿಸಿಕೊಂಡು, ಕಾಣಿಕೆಯ ರೊಟ್ಟಿ ದ್ರಾಕ್ಷಾರಸದೊಂದಿಗೆ ಅದನ್ನೂ ಪೀಠದ ಮೇಲಿಡೋಣ. ಇಂದು ರಾತ್ರಿ ಮಲಗುವ ಮುನ್ನ ಕ್ಯಾಲೆಂಡರಿನ ಮುಂದೆ ನಿಂತು ಮೊದಲ ದಿನದ ಲೆಕ್ಕ ನೋಡೋಣ. ದೇವರು ನಿಮ್ಮನ್ನೂ ನಿಮ್ಮ ಮನೆಗಳನ್ನೂ ಆಶೀರ್ವದಿಸಲಿ. ಆಮೆನ್.